ಬಂದೂಕ ಹಿಡ್ಕೊಂಡು ಬಾಗಲಾ ಹಾಕ್ಕೊಂಡವನ ಮುಂದ ಪೊಲೀಸ್ರು ರಾತ್ರಿಪೂರ್ತಿ ಕಾಯೋದು ಸರಿನಾ? ಕಾಲಿಗೆ ಹೊಡದು ಮುಗಸಬೇಕಿತ್ತಾ?

ಮಲ್ನಾಡಸೆರಗು:

ನಮಸ್ಕಾರ ಎಲ್ಲಾರಿಗೂ. ಇಲ್ಲೆ ಓದೋದು ಭಾಳ, ಬರಿಯೋದು ಕಡಿಮಿ. ಪೊಲೀಸ್ ಇಲಾಖೆ ಗೊತ್ತಿದ್ದವ್ರು, ವಕೀಲ್ರು ಯಾರರ ಇದ್ರ ಸ್ವಲ್ಪ ಹೇಳ್ರಿ, ಊರಾಗ ಈ ವಿಷಯಕ್ಕ ದಿನಾ ಜಗಳ ನಡದೈತಿ.

ನಮ್ಮೂರು ಧಾರವಾಡ ಜಿಲ್ಲಾದಾಗ ಕಾಡಿನ ಅಂಚಿಗೆ ಬರ್ತೈತಿ, ಹೆಸರು ಬ್ಯಾಡ, ಆ ಮನಿ ಮಂದಿ ಇನ್ನೂ ಅಲ್ಲೇ ಬಾಳ್ವಿ ಮಾಡಬೇಕು. ಒಬ್ಬಾಂವ, ಐವತ್ತರ ಆಸುಪಾಸು, ಹೊಲದ ವಾಟ್ನಿ (ಪಾಲು) ಸಲುವಾಗಿ ತಮ್ಮನ ಕೂಡ ಜಗಳಾ ತಗದು ಸಂಜಿಮುಂದ ಕುಡದು ಬಂದು, ಹಂದಿ ಕಾಯಾಕಂತ ಲೈಸನ್ಸ್ ಮಾಡಸಿದ್ದ ಬಂದೂಕ ತಗೊಂಡು ಮ್ಯಾಲಿನ ಖೋಲಿಗೆ ಹೋಗಿ ಬಾಗಲಾ ಜಡಕೊಂಡ. ಕೆಳಗ ಪಡಸಾಲ್ಯಾಗ ಅವ್ನ ತಾಯಿ, ಆ ಮುದುಕಿಗೆ ನಡಿಯಾಕ ಬರಂಗಿಲ್ಲ. ಯಾರರ ಒಳಗ ಕಾಲಿಟ್ರ ಹೊಡಿತೀನಿ, ಇಲ್ಲಾಂದ್ರ ನಾನ ಹೊಡ್ಕೊಂಡು ಸಾಯ್ತೀನಿ ಅಂತ ಕಿಡಕ್ಯಾಗಿಂದ ಚೀರಾಕತ್ತಿದ್ದ. 112ಕ್ಕ ಫೋನ್ ಮಾಡಿದ್ವಿ. ಮೊದ್ಲು ಗಾಡಿ ಬಂತು, ಆಮ್ಯಾಲೆ ಪಿಎಸ್ಐ ಸಾಹೇಬ್ರು, ಇನ್ನೂ ತಡಾ ಆಗಿ ಡಿಎಆರ್ (ಜಿಲ್ಲಾ ಸಶಸ್ತ್ರ ಪೊಲೀಸ್) ವ್ಯಾನು. ಬಂದೂಕ ಹಿಡದ ಪೊಲೀಸ್ರು ಇಳದ್ರು, ಊರಮಂದಿಗೆಲ್ಲಾ ಈಗ ನೋಡ್ರಿ ಈಗ ನೋಡ್ರಿ ಅನ್ನೋ ಹಂಗಾತು, ಆದ್ರ ಅವ್ರು ಏನೂ ಮಾಡ್ಲಿಲ್ಲ. ನಮ್ಮನ್ನೆಲ್ಲಾ ಗುಡಿ ಹಿಂದಕ್ಕ ಓಡಿಸಿದ್ರು ಅಷ್ಟ. ಒಬ್ರು ಹವಾಲ್ದಾರ್ರು ಬಾಜೂಮನಿ ಗ್ವಾಡಿ ಮರಿಗೆ ನಿಂತು ಅವ್ನ ಕೂಡ ಮಾತಾಡಕೋತ ಇದ್ರು, ಮಾತಂದ್ರ ಎಂಥಾ ಮಾತು ಅಂತೀರಿ, ಎತ್ತು ಎಷ್ಟಕ್ಕ ತಂದಿ, ಗೋವಿನಜೋಳ ಈ ಸಲ ಹೆಂಗೈತಿ, ಮಗಳ್ನ ಯಾವ ಊರಿಗೆ ಕೊಟ್ಟೀರಿ, ಬರೇ ಇಂಥಾದ್ದು.

ನಡುವ ಒಂದು ಘಟನಾ ಆತು. ಊರಾಗಿನ ಯಾರೋ ಶ್ಯಾಣ್ಯಾ ಹೋಗಿ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಹತ್ರ ಫ್ಯೂಸ್ ಕಿತ್ತ, ಓಣಿಗೆಲ್ಲಾ ಕತ್ತಲಾತು, ಆ ಕ್ಷಣಾನ ಒಳಗಿನಿಂದ ಢಂ ಅಂತು. ಎಲ್ಲಾರೂ ಮುಗೀತು ಅಂದ್ಕೊಂಡ್ವಿ. ಹಂಚಿಗೆ ಹೊಡದಿದ್ದ. ಪಿಎಸ್ಐ ಸಾಹೇಬ್ರಿಗೆ ಬಂದ ಸಿಟ್ಟು ನೋಡಬೇಕಿತ್ತು, ಫ್ಯೂಸ್ ಹಾಕಿಸಿ ಆಮ್ಯಾಲೆ ಒಬ್ರನ್ನ ಟಿಸಿ ಕಾಯಾಕ ನಿಲ್ಲಿಸಿದ್ರು. ಬೆಳಗಿನ ಜಾವಕ್ಕ ಅವ ಬಂದೂಕ ಮೆಟ್ಟಿಲ ಮ್ಯಾಲಿಟ್ಟು ಕೆಳಗ ಬಂದ. ಯಾರಿಗೂ ಏನೂ ಆಗ್ಲಿಲ್ಲ.

ಈಗ ಊರಿನ ವಾಟ್ಸಾಪ್ ಗ್ರೂಪಿನಾಗ ಪೊಲೀಸ್ರಿಗೆ ಬಳಿ ತೊಡಿಸ್ರಿ ಅಂತ ಹಾಕಾಕತ್ತಾರ. ಅಷ್ಟು ಬಂದೂಕ ಇದ್ದು ಒಬ್ಬ ಕುಡುಕಗ ಅಂಜಿ ಕುಂತ್ರು, ಕಾಲಿಗೆ ಒಂದು ಹೊಡದಿದ್ರ ಎರಡು ನಿಮಿಷದ ಕೆಲಸ ಅಂತ. ನನಗ ಹಂಗ ಅನ್ನಸಂಗಿಲ್ಲ, ಆದ್ರ ಯಾಕ ಅಂತ ಅವ್ರಿಗೆ ಹೇಳಾಕ ಬರವಲ್ದು. ಇಂಥಾದ್ದಕ್ಕ ಪೊಲೀಸ್ರಿಗೆ ರೂಲ್ಸ್ ಏನರ ಅದಾವೇನು? ಅವ ಬಂದೂಕ ಹಿಡ್ಕೊಂಡ ಹೊರಗ ಬಂದಿದ್ರ ಏನ್ ಮಾಡ್ತಿದ್ರು?

---

ಹುಬ್ಳಿ_ಮಂದಿ:

ನಿಮ್ಮ ಊರವ್ರು ಹೇಳೋದು ಖರೇ ಐತಿ ನೋಡ್ರಿ. ಬಂದೂಕ ಹಿಡದ ಕೂಡ್ಲೆ ಅವ ರೈತನೂ ಅಲ್ಲ ಅಣ್ಣನೂ ಅಲ್ಲ. ಪೊಲೀಸ್ರ ಮನ್ಯಾಗೂ ಹೆಂಡ್ರು ಮಕ್ಕಳು ಅದಾರ, ಅವ್ರು ಯಾಕ ರಿಸ್ಕ್ ತಗೋಬೇಕು? ಒಂದು ವಾರ್ನಿಂಗ್, ಒಂದು ಗುಂಡು, ಕಥಿ ಮುಗೀತು. ಹುಬ್ಬಳ್ಳ್ಯಾಗ ಈಗ ಹಂಗ ಮಾಡಾಕತ್ತಿದ್ದಕ್ಕ ರೌಡಿಗಳು ಸ್ವಲ್ಪ ಹದ್ದಿನಾಗ ಅದಾರ.

---

ಪಿಂಚಣಿ_ಹವಾಲ್ದಾರ:

ನಾನು ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್ಐ ಆಗಿ ರಿಟೈರ್ ಆದಾಂವ, ಗದಗ ಹಾವೇರಿ ಎರಡೂ ಕಡೆ ಡ್ಯೂಟಿ ಮಾಡೇನಿ. ತಮ್ಮಾ ಹುಬ್ಳಿ ಮಂದಿ, ಸಿಟ್ಟಾಗಬ್ಯಾಡ, ಕಾಲಿಗೆ ಹೊಡಿಯೋದು ಅಂದ್ರ ಏನು ಅಂತ ಮೊದ್ಲು ಕೇಳು.

ಅವ ಮ್ಯಾಲಿನ ಖೋಲ್ಯಾಗ ಕುಂತಾನ, ನಿನಗ ಕಾಣೋದು ಕಿಡಕ್ಯಾಗ ಅವ್ನ ತಲಿ ಇಲ್ಲಾ ಎದಿ, ಕಾಲು ಎಲ್ಲಿ ಕಾಣ್ತೈತಿ? ಕಂಡ್ರೂ ಓಡಾಡೋ ಕಾಲು, ರಾತ್ರಿ, ನಿನ್ನ ಕೈ ನಡುಗಾಕತ್ತಿರ್ತಾವು. ತೊಡಿಗೆ ಬಿತ್ತಂದ್ರ ಅಲ್ಲಿರೋ ದೊಡ್ಡ ರಕ್ತನಾಳ ಹರದು ಕೆಲವೇ ನಿಮಿಷದಾಗ ಸಾಯ್ತಾನ, ಹಳ್ಳಿಯಿಂದ ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆಗೆ ಒಯ್ಯೋದ್ರೊಳಗ ಮುಗದಿರ್ತೈತಿ. ತಪ್ತಂದ್ರ ಆ ಗುಂಡು ಎಲ್ಲೆ ಹೋಗ್ತೈತಿ? ಡಿಎಆರ್‌ನವ್ರ ಕೈಯಾಗ ಎಸ್ಎಲ್ಆರ್ ರೈಫಲ್ ಇತ್ತಂದ್ರ ಅದು 7.62ರ ಗುಂಡು, ಬಾಗಲಾ ತೂರಿ, ತಗಡು ತೂರಿ, ಓಣ್ಯಾಗ ಮುಂದಿನ ಮನ್ಯಾಗ ಮಲಗಿದವ್ರಿಗೂ ಬೀಳಬಹುದು. ಕೆಳಗ ನಡಿಯಾಕ ಬರದ ಮುದುಕಿ ಬ್ಯಾರೆ. ಅದಕ್ಕ ನಮಗ ಕಲಿಸೋದು ಒಂದ, ಗುರಿ ಮುಂದ ಏನೈತಿ ಅಂತ ನೋಡೋಕಿಂತ ಮೊದ್ಲು ಗುರಿ ಹಿಂದ ಏನೈತಿ ನೋಡು. ಇನ್ನೊಂದು, ಒಂದು ಗುಂಡು ತಗಲಿದ ಕೂಡ್ಲೆ ಮನಶ್ಯಾ ಬಂದೂಕ ಬಿಟ್ಟು ಬೀಳ್ತಾನ ಅನ್ನೋದು ಸಿನಿಮಾದಾಗ. ಗಾಯ ಆದಾಂವ ತಿರುಗಿ ಹೊಡಿಯಾಕ ಕುದ್ರಿ (ಟ್ರಿಗರ್) ಎಳಿಯೋ ಬೆರಳೊಂದು ಸಾಕು.

ಈಗ ಮಲ್ನಾಡಸೆರಗು ಅವ್ರ ಊರಾಗ ಏನೂ ಮಾಡ್ಲಿಲ್ಲ ಅಂದ್ರಲ್ಲ, ನಾ ಓದಿದ ಮಟ್ಟಿಗೆ ಅವ್ರು ಮಾಡಬೇಕಾಗಿದ್ದನ್ನೆಲ್ಲಾ ಮಾಡ್ಯಾರ. ಮೊದ್ಲು ಬರೋ 112 ಗಾಡ್ಯಾಗ ಇರೋದು ಒಬ್ಬ ಎಎಸ್ಐ ಇಲ್ಲಾ ಹವಾಲ್ದಾರ, ಒಬ್ಬ ಡ್ರೈವರ್, ಕೈಯಾಗ ಲಾಠಿ. ಅವ್ರ ಕೆಲಸ ಬಾಗಲಾ ಒಡಿಯೋದಲ್ಲ, ಮಂದಿ ದೂರ ಸರಿಸೋದು, ಒಳಗ ಯಾರ್ಯಾರು ಅದಾರ ಕೇಳೋದು, ಗ್ಯಾಸ್ ಸಿಲಿಂಡರ್ ಎಲ್ಲೈತಿ, ಹಿತ್ತಲಬಾಗಲಾ ಐತೇನು, ಎಷ್ಟು ಕಾಡತೂಸು ಅವ್ನ ಹತ್ರ ಇರಬಹುದು ಅಂತ ಮನಿಯವ್ರಿಂದ ತಿಳ್ಕೊಳ್ಳೋದು. ಆಮ್ಯಾಲೆ ಬಂದೂಕ ಇದ್ದವ್ರು ಹತ್ರ ಒಂದು ಸುತ್ತು, ಸಿವಿಲ್ ಪೊಲೀಸ್ರು ದೂರ ಇನ್ನೊಂದು ಸುತ್ತು. ಹೊರಗಿನ ಸುತ್ತು ಬರೇ ಊರಮಂದಿ ಜೀವದ ಸಲುವಾಗಿ ಅಂತ ತಿಳೀಬ್ಯಾಡ್ರಿ. 2020ರ ಜನವರಿಯಾಗ ಉತ್ತರಪ್ರದೇಶದ ಫರೂಕಾಬಾದ್ ಜಿಲ್ಲಾದಾಗ ಒಬ್ಬ ಮಗಳ ಬರ್ತ್‌ಡೇ ಅಂತ ಕರದು 20ಕ್ಕೂ ಹೆಚ್ಚು ಮಕ್ಕಳನ್ನ ಮನ್ಯಾಗ ಕೂಡಿಹಾಕಿದ್ದ, ರಾತ್ರಿ ತನಕ ನಡೀತು, ಪೊಲೀಸ್ರು ಅವನ್ನ ಹೊಡದು ಮಕ್ಕಳ್ನ ಉಳಿಸಿದ್ರು, ಅಷ್ಟರಾಗ ಅವ್ನ ಹೆಂಡ್ತಿ ಊರವ್ರ ಕೈಗೆ ಸಿಕ್ಕು ಏಟು ತಿಂದು ಸತ್ಲು. ಮಕ್ಕಳು ಬದುಕಿದ್ದು ದೊಡ್ಡದು, ಆದ್ರ ಹೊರಗಿನ ಸುತ್ತು ಬಿಗಿ ಇದ್ದಿದ್ರ ಆ ಇನ್ನೊಂದು ಜೀವ ಹೋಗ್ತಿರಲಿಲ್ಲ.

ಮಾತಿನ ವಿಷಯ. ಎತ್ತು, ಗೋವಿನಜೋಳ ಅಂತ ನಗಬ್ಯಾಡ್ರಿ. ಅವ್ನ ತಲ್ಯಾಗ ತಮ್ಮ ಮತ್ತ ವಾಟ್ನಿ ಎರಡ ಇದ್ವು, ಆ ಹವಾಲ್ದಾರ್ರು ಅದನ್ನ ಬಿಟ್ಟು ಬ್ಯಾರೆ ಕಡೆ ಎಳದು ತಂದ್ರು. ಮಾತಾಡಾಂವ ಒಬ್ಬನ ಇರಬೇಕು, ಮತ್ತ ಅವ ಆರ್ಡರ್ ಕೊಡೋ ಸಾಹೇಬ ಇರಬಾರದು. ಯಾಕಂದ್ರ ಒಳಗಿನವ ಜೀಪ್ ಕೊಡ್ರಿ, ಎಮ್ಮೆಲ್ಲೆನ ಕರಸ್ರಿ ಅಂದ್ರ ಹವಾಲ್ದಾರಗ ಸಾಹೇಬ್ರನ್ನ ಕೇಳಿ ಹೇಳ್ತೀನಿ ತಡಿಯಪಾ ಅನ್ನಾಕ ಬರ್ತೈತಿ, ಒಂದು ತಾಸು ಹೋಗ್ತೈತಿ. ಸಾಹೇಬ್ರ ಮಾತಾಡಿದ್ರ ಹೌದು ಇಲ್ಲಾ ಅಲ್ಲ ಅಲ್ಲೇ ಹೇಳಬೇಕಾಕ್ಕೈತಿ. ಸುಳ್ಳು ಆಣಿ ಮಾಡಬಾರದು, ಕೇಸ ಹಾಕಂಗಿಲ್ಲ ಬಾ ಅಂದು ಕರದು ಹಾಕಿದ್ರಂದ್ರ ಮುಂದಿನ ಸಲ ಆ ಸೀಮ್ಯಾಗ ಯಾರೂ ಪೊಲೀಸ್ ಮಾತು ನಂಬಂಗಿಲ್ಲ. ಮತ್ತ ಜಗಳಾ ಆಡಿದ ತಮ್ಮನ್ನ, ಹೆಂಡ್ತಿನ್ನ ಮೈಕ್ ಮುಂದ ನಿಲ್ಲಸಬಾರದು. ತಾಯಿ ಅತ್ರ ಕರಗ್ತಾನ ಅಂತ ಎಲ್ಲಾರೂ ಹೇಳ್ತಾರ, ಒಮ್ಮೊಮ್ಮೆ ಅದ ಉಲ್ಟಾ ಹೊಡಿತೈತಿ, ನೋಡು ನಿನ್ನ ಕಣ್ಣಮುಂದ ಸಾಯ್ತೀನಿ ಅಂತಾನ.

ವ್ಯಾಳ್ಯಾ ಪೊಲೀಸ್ರ ಕಡೆ ಇರ್ತೈತಿ. ಕುಡದಿದ್ದು ಇಳೀತೈತಿ, ಹಸಿವಾಕ್ಕೈತಿ, ನಿದ್ದಿ ಎಳೀತೈತಿ. ಆದ್ರ ಒಳಗ ಅವ ಮಂದಿನ್ನ ಹೊಡಿಯಾಕತ್ತಾನ ಅಂದ್ರ ಈ ಮಾತೆಲ್ಲಾ ಬಂದ್. ಆಗ ಒಂದು ನಿಮಿಷನೂ ಕಾಯಂಗಿಲ್ಲ, ಇದ್ದಷ್ಟು ಮಂದಿ ಒಳಗ ನುಗ್ಗಬೇಕು. ಅಮೆರಿಕಾದ ಉವಾಲ್ಡಿ ಅನ್ನೋ ಊರಿನ ಶಾಲ್ಯಾಗ 2022ರಾಗ 19 ಮಕ್ಕಳು, 2 ಟೀಚರ್ಸ್ ಸತ್ರಲ್ಲ, ಅಲ್ಲಿ ಪೊಲೀಸ್ರು ಹೊರಗ ಪಡಸಾಲ್ಯಾಗ 77 ನಿಮಿಷ ನಿಂತಿದ್ರು, ಕೊಲ್ಲಾಕತ್ತವನ್ನ ಬರೇ ಬಾಗಲಾ ಹಾಕ್ಕೊಂಡು ಕುಂತವ ಅಂತ ತಿಳದು. ಅದು ಹೇಡಿತನ, ನಿಮ್ಮ ಊರಿಂದಲ್ಲ.

ಅವ ಬಂದೂಕ ಹಿಡದ ಹೊರಗ ಬಂದಿದ್ರ? ನಳಗಿ ನೆಲಾ ನೋಡಾಕತ್ತಿತ್ತಂದ್ರ ಆಸರಿ ಹಿಂದ ನಿಂತು ಕೆಳಗಿಡು ಅಂತ ಕೂಗ್ತಾರ. ಯಾರ ಕಡೆನರ ತಿರುಗಿಸಿದಾ ಅಂದ್ರ ಹೊಡಿತಾರ, ಎದಿಗೇ ಹೊಡಿತಾರ, ಅದ್ರಾಗ ಮುಚ್ಚುಮರಿ ಏನಿಲ್ಲ.

---

ಹುಬ್ಳಿ_ಮಂದಿ:

ಕಾಕಾ ಒಪ್ಪಿದೆ, ಬಂದೂಕಿನ ಮಾತು. ಆದ್ರ ಕೊಯ್ತಾ, ಚಾಕು ಹಿಡದು ಪೊಲೀಸ್ರ ಮ್ಯಾಲೆ ಬರ್ತಾರಲ್ಲ ಆಗ ಎಲ್ಲಿ ಎತ್ತು ಗೋವಿನಜೋಳ ಮಾತಾಡ್ತೀರಿ? ಮತ್ತ 2025ರ ಏಪ್ರಿಲ್‌ನಾಗ ನಮ್ಮ ಹುಬ್ಬಳ್ಳ್ಯಾಗ ಐದು ವರ್ಷದ ಕೂಸಿನ್ನ ಕೊಂದವ ಪೊಲೀಸ್ ಗುಂಡಿಗೆ ಸತ್ತಾಗ ಇಡೀ ಊರು ಚಲೋ ಆತು ಅಂತು. ನೀವೂ ಅಂದಿರ್ತೀರಿ.

---

ಕೋರ್ಟ್‌ಸರ್ಕಲ್_ವಕೀಲ:

ಹುಬ್ಬಳ್ಳಿ ಮಂದಿ ಅವರೇ, ನೀವು ಎರಡು ಬೇರೆ ಬೇರೆ ವಿಷಯ ಒಂದೇ ಚೀಲದಾಗ ಹಾಕ್ಲಿಕತ್ತೀರಿ. ಮುತ್ತಿಗೆ ಹಾಕಿ ಕಾಯೋದು ಒಂದು, ಅರೆಸ್ಟ್ ಆದವನ್ನ ಮಹಜರಿಗೆ (ಸ್ಥಳ ತೋರಿಸಿ ಬರಕೊಳ್ಳೋದಕ್ಕ) ಅಂತ ಒಯ್ದಾಗ ಕಲ್ಲು ತೂರಿ ಓಡಲಿಕ್ಕೆ ನೋಡಿದ, ಆತ್ಮರಕ್ಷಣೆಗೆ ಫೈರಿಂಗ್ ಅಂತ ಪೇಪರಿನಾಗ ಬರೋದು ಇನ್ನೊಂದು. ಮೊದಲನೇದರಾಗ ಅಪಾಯ ಎಲ್ಲರ ಕಣ್ಣಮುಂದ ಇರ್ತದ. ಎರಡನೇದರಾಗ ಏನಾತು ಅಂತ ಹೇಳೋರು ಗುಂಡು ಹೊಡೆದವರು ಮಾತ್ರ, ಪ್ರತಿ ಸಲ ಅದೇ ಕಥಿ, ಮುಂಜಾನೆ, ಊರ ಹೊರಗ, ಮೊದಲು ಗಾಳಿಯಲ್ಲಿ ಗುಂಡು, ಆಮೇಲೆ ಕಾಲಿಗೆ. ಪ್ರತಿಯೊಂದೂ ಸುಳ್ಳು ಅಂತ ನಾನು ಹೇಳೂದಿಲ್ಲ, ಓಡಿಹೋಗಲಿಕ್ಕೆ ಖರೇ ಪ್ರಯತ್ನ ಮಾಡೋರೂ ಇರ್ತಾರ. ಆದ್ರ ಪರೀಕ್ಷೆ ಮಾಡದೇ ನಂಬೂದು ಕಾನೂನಿನ ಕೆಲಸ ಅಲ್ಲ.

ರೂಲ್ಸ್ ಕೇಳಿದ್ರಲ್ಲ. ಅರೆಸ್ಟು, ತನಿಖೆ, ವಿಚಾರಣೆ ಹೆಂಗ ನಡೀಬೇಕು ಅಂತ ಹೇಳೋ ಸಿಆರ್‌ಪಿಸಿ ಕಾಯ್ದೆ ಹೋಗಿ 2024ರ ಜುಲೈ 1ರಿಂದ ಬಿಎನ್ಎಸ್ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದದ. ಅದರ 43ನೇ ಕಲಂ, ಹಳೇ 46, ಅರೆಸ್ಟಿಗೆ ಅಡ್ಡ ಬಂದ್ರ ಅಗತ್ಯ ಇರೋ ಎಲ್ಲಾ ಉಪಾಯ ಬಳಸಬಹುದು ಅಂತದ, ಅಲ್ಲೇ ಕೆಳಗ ಒಂದು ಬೇಲಿನೂ ಹಾಕೇದ, ಮರಣದಂಡನೆ ಇಲ್ಲಾ ಜೀವಾವಧಿ ಆಗೋವಂಥ ಅಪರಾಧದ ಆರೋಪ ಇಲ್ಲದವನ ಜೀವ ತೆಗೆಯೋ ಹಕ್ಕು ಈ ಕಲಂ ಕೊಡೂದಿಲ್ಲ ಅಂತ. ಕೆಲವರು ಇದನ್ನ ತಿರುಗಿಸಿ ಓದ್ತಾರ, ಕೊಲೆ ಆರೋಪಿ ಇದ್ರ ಕೊಲ್ಲಬಹುದು ಅಂತ. ಹಂಗಿಲ್ಲ, ಅಲ್ಲೂ ಅಗತ್ಯ ಇತ್ತೋ ಇಲ್ಲೋ ಅನ್ನೋ ಪ್ರಶ್ನೆ ನಿಲ್ತದ. ಇನ್ನ ಆತ್ಮರಕ್ಷಣೆ ಹಕ್ಕು, ಹಳೇ ಐಪಿಸಿ ಜಾಗಾಕ್ಕ ಬಂದ ಬಿಎನ್ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 34ರಿಂದ 44ರ ತನಕ, ಅದು ನಿಮಗೂ ಪೊಲೀಸರಿಗೂ ಒಂದೇ, ಅಪಾಯ ಎಷ್ಟೋ ಅಷ್ಟೇ ಬಲ. ಪೊಲೀಸರಿಗೆ ಅಂತ ಬೇರೆ ಹೆಚ್ಚಿನ ಲೈಸನ್ಸ್ ಇಲ್ಲ. ವಿಶ್ವಸಂಸ್ಥೆ 1990ರಲ್ಲಿ ಹವಾನಾದಲ್ಲಿ ಒಪ್ಪಿದ ತತ್ವಗಳಲ್ಲೂ ಇದೇ ಅದ, ಜೀವ ಉಳಿಸಲಿಕ್ಕೆ ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ ಜೀವ ತೆಗೆಯೋ ಗುಂಡು.

ಗುಂಡು ಹಾರಿದ ಮೇಲೆ ಏನು ಅನ್ನೋದು 2014ರ ಪಿಯುಸಿಎಲ್ (ನಾಗರಿಕ ಹಕ್ಕುಗಳ ಸಂಘಟನೆ) ವರ್ಸಸ್ ಮಹಾರಾಷ್ಟ್ರ ತೀರ್ಪಿನಾಗ ಸುಪ್ರೀಂ ಕೋರ್ಟ್ 16 ಅಂಶದಾಗ ಬರದದ. ಎಫ್ಐಆರ್ ಆಗಲೇಬೇಕು, ತನಿಖೆ ಸಿಐಡಿ ಇಲ್ಲಾ ಬೇರೆ ಠಾಣೆಯ ತಂಡ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು, ಗಾಯಾಳುಗೆ ಚಿಕಿತ್ಸೆ ಕೊಡಿಸಿ ಹೇಳಿಕೆ ತಗೋಬೇಕು, ಆ ಅಧಿಕಾರಿಗಳು ಆಯುಧ ಒಪ್ಪಿಸಬೇಕು, ಕೂಡ್ಲೆ ಬಡ್ತಿ ಬಹುಮಾನ ಕೊಡಬಾರದು. ಸತ್ರ ಅಷ್ಟೇ ಅಲ್ಲ, ತೀವ್ರ ಗಾಯ ಆದ್ರೂ ಇದೇ ಪಾಲಿಸಬೇಕು, ಅಂದ್ರ ಕಾಲಿಗೆ ಗುಂಡು ಅನ್ನೋದೂ ಇದರೊಳಗ ಬರ್ತದ. ಈ ಭಾಗ ಯಾರೂ ಓದೂದಿಲ್ಲ.

2025ರ ಹುಬ್ಬಳ್ಳಿ ಪ್ರಕರಣದಾಗ ಆ ಕೂಸಿನ ಸಲುವಾಗಿ ಹೊಟ್ಟಿ ಉರಿಯದಿದ್ದವರು ಯಾರಿದ್ರು ಹೇಳ್ರಿ. ಆದ್ರೂ ಸಿಐಡಿ ತನಿಖೆಗೆ ಹೋತು, ಹೈಕೋರ್ಟಿಗೂ ಅರ್ಜಿ ಹೋತು, ಅದು ಸರಿಯೇ. 2019ರ ಡಿಸೆಂಬರಿನಾಗ ಹೈದರಾಬಾದ್ ಕಡೆ ಪಶುವೈದ್ಯೆಯ ಅತ್ಯಾಚಾರ, ಕೊಲೆ ಕೇಸಿನ ನಾಲ್ಕು ಆರೋಪಿಗಳು ಎನ್‌ಕೌಂಟರ್ ಆದಾಗ, ಆಗಿನ ಸೈಬರಾಬಾದ್ ಕಮಿಷನರ್ ಸಜ್ಜನರ ಅವರು ನಮ್ಮ ಹುಬ್ಬಳ್ಳಿಯವರು ಅಂತ ಇಲ್ಲಿ ಎದಿ ಉಬ್ಬಿಸಿದವರು ಕಡಿಮಿ ಇರಲಿಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ ಏನು ಹೇಳ್ತು? ಕೊಲ್ಲೋ ಉದ್ದೇಶದಿಂದಲೇ ಗುಂಡು ಹಾರಿಸ್ಯಾರ, 10 ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೀಬೇಕು ಅಂತ 2022ರಲ್ಲಿ ವರದಿ ಹೊರಗ ಬಂತು. ಆ ನಾಲ್ಕು ಮಂದಿನೇ ಮಾಡಿದ್ದಾ ಅಂತ ಯಾವ ಕೋರ್ಟೂ ಹೇಳೋ ಹಂಗ ಉಳೀಲಿಲ್ಲ ಈಗ.

---

ಪಿಂಚಣಿ_ಹವಾಲ್ದಾರ:

ವಕೀಲ್ ಸಾಹೇಬ್ರು ಹೇಳಿದ್ದು ಇಲಾಖೆದಾಗ ಎಲ್ಲಾರಿಗೂ ರುಚಸಂಗಿಲ್ಲ, ಆದ್ರ ಖರೇ ಐತಿ. ಕೊಯ್ತಾ ಮಾತಿಗೆ: ಹತ್ತು ಹೆಜ್ಜಿ ಒಳಗ ಕೊಯ್ತಾ ಎತ್ಕೊಂಡು ಓಡಿ ಬಂದ್ರ ಹೊಡೀಬೇಕು, ಮಾತಿಲ್ಲ. ಅಮೆರಿಕಾದ ಟ್ಯುಲರ್ ಅನ್ನೋ ಪೊಲೀಸ್ ಒಬ್ಬ 1983ರಾಗ ಲೆಕ್ಕ ಹಾಕಿ ಬರದಾನ, 21 ಅಡಿ ದೂರ ಚಾಕು ಹಿಡದಾಂವ ಒಂದೂವರಿ ಸೆಕೆಂಡಿನಾಗ ಮೈಮ್ಯಾಲೆ ಬರ್ತಾನ, ಅಷ್ಟರಾಗ ಸೊಂಟದ ಪಿಸ್ತೂಲು ಹೊರಗ ಬರೋದ ಕಷ್ಟ. ಮಂದಿ ಇದನ್ನ ಓದಿ 21 ಅಡಿ ಒಳಗಿದ್ರ ಹೊಡಿ ಅಂತ ತಿಳಕೊಂಡ್ರು. ಅದ್ರ ಖರೇ ಪಾಠ ಏನಂದ್ರ ಅಷ್ಟು ಹತ್ರ ಹೋಗಬ್ಯಾಡ, ನಡುವ ಜೀಪರ ಇರಲಿ, ಕಟ್ಟಿನರ ಇರಲಿ. ಇಬ್ರ ಪೊಲೀಸ್ರು ಹೀರೋಗಿರಿ ಮಾಡಾಕ ಹೋಗಿ ಎದುರಿಗೆ ನಿಂತ್ರಂದ್ರ ಆಮ್ಯಾಲೆ ಹೊಡಿಯೋದು ಬಿಟ್ಟು ದಾರಿನ ಇರಂಗಿಲ್ಲ, ಆ ದಾರಿ ಮುಚ್ಚಿದ್ದು ಅವ್ರ.

---

ಬೆಟಗೇರಿ_ಬಸು:

ನಾನು ಈಗ ಪುಣೆಯಲ್ಲಿ ಇರೋದು, ಈ ವಿಷಯ ಓದೋ ಹುಚ್ಚು ಇದೆ ಅದಕ್ಕೆ ಬರೀತಿದೀನಿ. ಆ ಫ್ಯೂಸ್ ಕಿತ್ತ ಪುಣ್ಯಾತ್ಮನ ಕಥೆ ಓದಿ ನನಗೆ ವೇಕೋ ನೆನಪಾಯ್ತು. 1993, ಅಮೆರಿಕಾದ ಟೆಕ್ಸಾಸ್, ಒಂದು ಪಂಥದವರು ಬಂದೂಕು ಇಟ್ಕೊಂಡು ಒಳಗೆ ಕೂತಿದ್ರು, ಮೊದಲ ದಿನದ ದಾಳಿಯಲ್ಲೇ ನಾಲ್ಕು ಮಂದಿ ಫೆಡರಲ್ ಏಜೆಂಟರು ಸತ್ತಿದ್ರು, ಆಮೇಲೆ ಎಫ್‌ಬಿಐ 51 ದಿನ ಮುತ್ತಿಗೆ ಹಾಕ್ತು. ಮಾತಾಡೋ ತಂಡದವರು ಮೆಲ್ಲಗೆ ಒಬ್ಬೊಬ್ಬರನ್ನಾಗಿ 35 ಜನರನ್ನ ಹೊರಗೆ ಕರ್ಕೊಂಡು ಬಂದಿದ್ರು, ಆದ್ರೆ ಅವರು ಇತ್ತ ಇಬ್ಬರನ್ನ ಹೊರಗೆ ತಂದ್ರೆ ಅತ್ತ ಆಯುಧದ ತಂಡದವರು ಕರೆಂಟ್ ಕಟ್ ಮಾಡೋದು, ರಾತ್ರಿಯಿಡೀ ದೊಡ್ಡ ಸೌಂಡ್ ಹಾಕಿ ನಿದ್ದೆ ಕೆಡಿಸೋದು ಮಾಡ್ತಿದ್ರು. ಒಂದು ಕೈ ಕೊಟ್ಟಿದ್ದನ್ನ ಇನ್ನೊಂದು ಕೈ ಕಿತ್ಕೊಳ್ತಿತ್ತು, ಒಳಗಿನವರಿಗೆ ನಂಬಿಕೆ ಹೋಯ್ತು. ಕೊನೆಗೆ ಏಪ್ರಿಲ್ 19ಕ್ಕೆ ಟ್ಯಾಂಕ್ ನುಗ್ಗಿಸಿ ಅಶ್ರುವಾಯು ಬಿಟ್ಟ ಮೇಲೆ ಬೆಂಕಿ ಬಿದ್ದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ರು, ಅದರಲ್ಲಿ ಮಕ್ಕಳು ಎಷ್ಟೋ. ಹಾಗಾಗಿ ಬರೀ ಕಾಯೋದೇ ಸಾಕು ಅಂತಲ್ಲ, ಹೊರಗಿರೋರೆಲ್ಲ ಒಬ್ಬನ ಮಾತಿಗೆ ಕಟ್ಟುಬಿದ್ದು ಕಾಯಬೇಕು. ನಿಮ್ಮ ಪಿಎಸ್ಐ ಟಿಸಿಗೆ ಕಾವಲು ಹಾಕಿದ್ದು ಇಡೀ ರಾತ್ರಿಯಲ್ಲಿ ನನಗೆ ಅತಿ ಜಾಣ ಕೆಲಸ ಅನ್ಸಿದ್ದು. ಅವನ ಮೊಬೈಲ್ ಚಾರ್ಜ್ ಹೋದ್ರೆ ಮಾತಾಡೋದಾದ್ರೂ ಹೇಗೆ?

ಈ ಮಾತಾಡೋ ವಿದ್ಯೆ ಹುಟ್ಟಿದ್ದೇ ಹೆಣದ ಮೇಲೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿನ 11 ಮಂದಿ ಸತ್ತರು, ಅದನ್ನ ನೋಡಿ ನ್ಯೂಯಾರ್ಕ್ ಪೊಲೀಸರು 1973ರಲ್ಲಿ ಹಾರ್ವೆ ಶ್ಲಾಸ್‌ಬರ್ಗ್, ಅವರು ಪೊಲೀಸರೂ ಹೌದು ಸೈಕಾಲಜಿ ಓದಿದವರೂ ಹೌದು, ಫ್ರಾಂಕ್ ಬೋಲ್ಜ್ ಇಬ್ಬರ ಕೈಯಲ್ಲಿ ಒಂದು ತಂಡ ಕಟ್ಟಿದ್ರು.

ಇನ್ನೊಂದು, ಅಲ್ಲಿ ಯಾರಾದ್ರೂ ಫೇಸ್‌ಬುಕ್ ಲೈವ್ ಮಾಡಿದ್ರಾ? 2010ರಲ್ಲಿ ಮನಿಲಾದಲ್ಲಿ ಕೆಲಸದಿಂದ ತೆಗೆದುಹಾಕಿದ್ದ ಒಬ್ಬ ಪೊಲೀಸ್ ಅಧಿಕಾರಿ ಟೂರಿಸ್ಟ್ ಬಸ್ ಹಿಡ್ಕೊಂಡಿದ್ದ, ಬಸ್ಸಲ್ಲೇ ಟಿವಿ ಇತ್ತು, ಹೊರಗೆ ತನ್ನ ತಮ್ಮನನ್ನ ಪೊಲೀಸರು ಎಳೆದಾಡೋದನ್ನ ಲೈವ್ ನೋಡಿ ಕೆರಳಿದ, ಹಾಂಗ್‌ಕಾಂಗ್‌ನ 8 ಪ್ರವಾಸಿಗಳು ಸತ್ತರು. ನಮ್ಮಲ್ಲೂ 26/11ರಲ್ಲಿ ಚಾನೆಲ್ಲಿನವರು ತೋರಿಸಿದ್ದನ್ನ ನೋಡಿ ಗಡಿಯಾಚೆಯಿಂದ ಫೋನಲ್ಲಿ ಆರ್ಡರ್ ಬರ್ತಿತ್ತು. ಅದಕ್ಕೇ 2015ರಲ್ಲಿ ಭಯೋತ್ಪಾದನೆ ವಿರೋಧಿ ಕಾರ್ಯಾಚರಣೆ ಲೈವ್ ತೋರಿಸಬಾರದು ಅಂತ ಕೇಬಲ್ ಟಿವಿ ನಿಯಮ ಬದಲಾಯ್ತು. ಆದ್ರೆ ಆ ನಿಯಮ ಚಾನೆಲ್ಲಿಗೆ, ಊರ ಹುಡುಗರ ಮೊಬೈಲಿಗೆ ಯಾರು ಹೇಳೋರು.

---

ಮಲ್ನಾಡಸೆರಗು:

ಲೈವ್ ಮಾಡಿದ್ರು ಅಣ್ಣಾ. ಇಬ್ರು ಹುಡುಗ್ರ ಮೊಬೈಲ್ ಕಸಕೊಂಡು ಪಿಎಸ್ಐ ಜೀಪಿನಾಗ ಒಗದಿದ್ರು, ಅದಕ್ಕೂ ಊರಾಗ ಸಿಟ್ಟು.

---

ಸಿಸ್ಟರ್_ಧಾರವಾಡ:

ನಾನು ಮಾನಸಿಕ ರೋಗಿಗಳ ವಾರ್ಡಿನಾಗ ನರ್ಸ್ ಆಗಿ ಕೆಲಸ ಮಾಡೀನಿ. ಎಲ್ಲಾರೂ ಬಂದೂಕಿನ ಬಗ್ಗೆ ಮಾತಾಡಿದ್ರಿ, ಅಂವ ಸಾಯ್ತೀನಿ ಅಂದಿದ್ದರ ಬಗ್ಗೆ ಯಾರೂ ಮಾತಾಡಲಿಲ್ಲ. ಇಂಥವರಾಗ ಕೆಲವ್ರು ತಾವ ಸಾಯಾಕ ಧೈರ್ಯ ಸಾಲದ ಪೊಲೀಸರ ಕೈಯಿಂದ ಸಾಯಬೇಕಂತ ಬಂದೂಕ ಎತ್ತತಾರ, ಗುಂಡು ಹಾಕಿದ್ರ ಅಂವ ಬಯಸಿದ್ದನ್ನ ಕೊಟ್ಟಂಗ ಆಗ್ತದ. ಸಾಯಬೇಕು ಅನ್ನಸಾಕತ್ತದೇನು ನಿಮಗ ಅಂತ ನೇರ ಕೇಳಬೇಕು. ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹಾಕಿದಂಗ ಅಂತ ಮಂದಿ ಅಂಜತಾರ, ಹಂಗೇನಿಲ್ಲ, ಕೇಳಿದ್ರ ಮನಸ್ಸು ಹಗುರ ಆಗ್ತದ. ಹೆಂಡ್ತಿ ಮಕ್ಕಳ ಮಾರಿ ನೋಡು, ನಾಚಿಕಿ ಆಗೂದಿಲ್ಲೇನು ಅಂತ ಬುದ್ಧಿ ಮಾತ್ರ ಹೇಳಬಾರದು.

ಮತ್ತ ಹಿಡದ ಮೇಲೆ ಏನಾತು? ಈ ಪ್ರಶ್ನೆ ನಾ ಯಾಕ ಕೇಳ್ತೀನಿ ಅಂದ್ರ, ದಿನಾ ಕುಡಿಯೋವ್ರಿಗೆ ಒಮ್ಮೆಲೆ ಬಂದಾದ್ರ ಎರಡನೇ ಮೂರನೇ ದಿನಕ್ಕ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣೋದು, ಹುಚ್ಚುಹುಚ್ಚಾಗಿ ಆಡೋದು ಶುರು ಆಗ್ತದ, ಜೀವಾನೂ ಹೋಗಬಹುದು. ಲಾಕಪ್ಪಿನಾಗ ಇದ್ದಾಗ ನಾಟಕ ಮಾಡ್ತಾನ ಅಂತ ಬಿಟ್ರಂದ್ರ ಅಷ್ಟೊತ್ತು ಕಾದು ಉಳಿಸಿದ ಜೀವ ಅಲ್ಲೇ ಹೋಗ್ತದ. 2017ರ ಮಾನಸಿಕ ಆರೋಗ್ಯ ಕಾಯ್ದೆ 100ನೇ ಕಲಂ ಸ್ಪಷ್ಟ ಹೇಳ್ತದ, ಮಾನಸಿಕ ಕಾಯಿಲೆಯಿಂದ ತನಗ ಇಲ್ಲಾ ಬೇರೆಯವ್ರಿಗೆ ಅಪಾಯ ಆಗೋ ಹಂಗ ಇದ್ದವ್ರನ್ನ ಠಾಣೆ ಅಧಿಕಾರಿ ರಕ್ಷಣೆಗೆ ತಗೊಂಡು 24 ತಾಸಿನೊಳಗ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಾಗ ಇಡಬಾರದು. ನಮ್ಮ ಕಡೆ ಅಂತೂ ಧಾರವಾಡದಾಗ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಅದ, ಬೆಂಗಳೂರಿಗೆ ಓಡೋ ಗರಜಿಲ್ಲ. ಫೋನಿನಾಗ ಮಾತಾಡಾಕ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, ಕನ್ನಡದಾಗ ಮಾತಾಡ್ತಾರ, ಪುಕ್ಕಟ. ಆ ತಾಯಿಗೂ ಯಾರರ ಹೋಗಿ ಮಾತಾಡ್ಸಿದ್ರೇನು?

---

ಜವಾರಿ_ನರಗುಂದ:

ಪೊಲೀಸ್ರು ತಾಳ್ಮಿ ಇಟ್ಕೋಬೇಕು ಅಂತ ನೀವೆಲ್ಲಾ ಒಬ್ಬ ಬಂದೂಕದವನ ಸಲುವಾಗಿ ಮಾತಾಡಾಕತ್ತೀರಿ, ಕೈಯಾಗ ಬಂದೂಕ ಇಲ್ಲದ ರೈತರ ಮುಂದ ಆ ತಾಳ್ಮಿ ಎಲ್ಲಿ ಹೋಗ್ತೈತಿ ಕೇಳ್ರಿ. 1980ರ ಜುಲೈ 21, ಮಲಪ್ರಭಾ ನೀರಿನ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಹೊಲ ಸುಧಾರಿಸ್ತು ಅಂತ ಹಾಕಿದ ಕರ) ವಿರುದ್ಧ ನಮ್ಮ ನರಗುಂದ, ಬಾಜೂ ನವಲಗುಂದ ಎರಡೂ ಕಡೆ ಗೋಲಿಬಾರ್ ಆತು. ರೈತರು ಸತ್ರು, ರೊಚ್ಚಿಗೆದ್ದ ಮಂದಿ ಕೈಯಾಗ ಪೊಲೀಸ್ರ ಜೀವಾನೂ ಹೋತು. ನಮ್ಮ ಮನ್ಯಾಗ ಹಿರ್ಯಾರು ಇದನ್ನ ಹೇಳುವಾಗ ಎರಡೂ ಹೇಳ್ತಾರ, ಒಂದನ್ನ ಮುಚ್ಚಿಡಂಗಿಲ್ಲ. 2008ರ ಜೂನ್ 10ಕ್ಕ ಹಾವೇರ್ಯಾಗ ಗೊಬ್ಬರಾ ಕೊಡ್ರಿ ಅಂತ ಬಂದವ್ರ ಮ್ಯಾಲೆ ಗುಂಡು, ಇಬ್ರು ರೈತರು ಹೋದ್ರು. ಗೊಬ್ಬರಾ ರೀ, ಬಾಂಬ್ ಅಲ್ಲ. 2016ರಾಗ ಮಹದಾಯಿ ನೀರಿನ ಗದ್ದಲದಾಗ ನವಲಗುಂದ ತಾಲೂಕಿನ ಯಮನೂರಾಗ ಮನಿ ಹೊಕ್ಕು ಹೆಣ್ಮಕ್ಕಳು ಮುದುಕರು ಅನ್ನದ ಬಡದ್ರು, ಟಿವ್ಯಾಗ ಎಲ್ಲಾರೂ ನೋಡೇರಿ. ಒಬ್ಬಂವ ಒಳಗ ಕುಂತ್ರ ಮಾತಾಡಾಕ ಹವಾಲ್ದಾರ ಸಿಗ್ತಾನ, ಸಾವಿರ ಮಂದಿ ರಸ್ತೆ ಮ್ಯಾಲೆ ಕುಂತ್ರ ಮಾತಾಡಾಕ ಒಬ್ಬ ಮಂತ್ರಿ ಬರಂಗಿಲ್ಲ, ಅಲ್ಲೆ ಐತಿ ಅಡಚಣಿ.

---

ಕೋರ್ಟ್‌ಸರ್ಕಲ್_ವಕೀಲ:

ನರಗುಂದದವರ ಮಾತು ಬೇರೆ ದೊಡ್ಡ ವಿಷಯ, ಗುಂಪು ಚದುರಿಸೋದಕ್ಕ ಬಿಎನ್ಎಸ್ಎಸ್ 148ರಿಂದ ಮುಂದ ಬೇರೆ ಕಲಂ ಅದಾವ, ಮೊದಲು ಚದುರಿಹೋಗ್ರಿ ಅಂತ ಆದೇಶ, ಕೇಳದಿದ್ರ ಮಾತ್ರ ಬಲ. ಆದ್ರ ಒಂದು ಒಪ್ತೀನಿ, ಎರಡೂ ಕಡೆ ಕೆಡೋದು ಒಂದೇ ಜಾಗಾದಾಗ, ಮ್ಯಾಲಿನವರ ಫೋನು. ಲಗೂ ಮುಗಸ್ರಿ, ಟಿವಿಯಾಗ ಬರ್ಲಿಕತ್ತದ ಅಂತ.

---

ಹುಬ್ಳಿ_ಮಂದಿ:

ಕಾಕಾ, ಒಂದು ಕೇಳ್ತೀನಿ. 2025ರ ಅಕ್ಟೋಬರದಾಗ ಮುಂಬೈ ಪವಾಯಿಯಾಗ 17 ಮಕ್ಕಳನ್ನ ಸ್ಟುಡಿಯೋದಾಗ ಕೂಡಿಹಾಕಿದ್ದ ಒಬ್ಬ. ಪೊಲೀಸ್ರು ಮಾತಾಡಿ ಮಾತಾಡಿ ಕೊನಿಗೆ ಬಾತ್‌ರೂಮ್ ಕಡೆಯಿಂದ ಒಳಗ ಹೋಗಿ ಹೊಡದ್ರು, ಮಕ್ಕಳು ಉಳದ್ವು. ಆಮ್ಯಾಲೆ ನೋಡಿದ್ರ ಅವ್ನ ಹತ್ರ ಇದ್ದಿದ್ದು ಏರ್‌ಗನ್ ಅಂತ ಟೀಕಾ. ಒಳಗ ಹೋದವಗ ಅದು ಏರ್‌ಗನ್ ಅಂತ ಹೆಂಗ ಗೊತ್ತಾಗಬೇಕು? ನಾನಂತೂ ಆ ಪೊಲೀಸ್ರ ಕಡೆ.

---

ಪಿಂಚಣಿ_ಹವಾಲ್ದಾರ:

ಗೊತ್ತಾಗಂಗಿಲ್ಲ. ಮಕ್ಕಳು ಬಾಜೂಕ ಇದ್ದಾಗ, ಅವ ಗುರಿ ಹಿಡದಾಗ, ಆಟಿಗಿ ಬಂದೂಕನ ಖರೇದ ಅಂತ ತಪಾಸ ಮಾಡಾಕ ಪುರಸತ್ತು ಇರಂಗಿಲ್ಲ. ಆ ಕ್ಷಣಾ ಹೆಂಗಿತ್ತು ಅನ್ನೋದನ್ನ ವಿಚಾರಣಿ ಮಾಡೋರು ಹೇಳ್ತಾರ, ನಾನು ಇಲ್ಲೆ ಕುಂತು ಹೇಳಂಗಿಲ್ಲ. ನಮ್ಮ ಕಡೆ ನನಗ ಬ್ಯಾರೆ ಚಿಂತಿ. ರಾಜ್ಯದ ಗರುಡ ಕಮಾಂಡೋ ಪಡಿ ಇರೋದು ಬೆಂಗಳೂರಾಗ, ಕೇಂದ್ರದ ಎನ್ಎಸ್‌ಜಿ ಕಮಾಂಡೋಗಳು ಹತ್ರ ಅಂದ್ರ ಮುಂಬೈ, ಹೈದರಾಬಾದ್. ಅವ್ರು ಬರೋ ತನಕ ಇಲ್ಲಿ ಎಲ್ಲಾನೂ ಸಂಭಾಳಿಸೋದು ಠಾಣೆ ಹವಾಲ್ದಾರ. ನಿಮ್ಮ ಊರಿನ ಆ ಹವಾಲ್ದಾರ್ರು ಸ್ವಭಾವತಃ ಮಾತುಗಾರ ಇದ್ರು, ಪಾರಾತು. ಮಾತಾಡೋದನ್ನ ಪ್ರತಿ ಜಿಲ್ಲಾದಾಗ ನಾಕೈದು ಮಂದಿಗರ ಬಂದೂಕ ತರಬೇತಿ ಕೊಟ್ಟಷ್ಟ ಕಾಳಜಿಲೆ ಕಲಸಬೇಕು. ವರ್ಷಾ ಫೈರಿಂಗ್ ಪ್ರಾಕ್ಟೀಸಿಗೆ ಕರ್ಕೊಂಡು ಹೋಗ್ತಾರ, ಇದಕ್ಕ ನನ್ನ ಸರ್ವಿಸಿನಾಗ ಯಾರೂ ಕರೀಲಿಲ್ಲ.

---

ಮಲ್ನಾಡಸೆರಗು:

ಎಲ್ಲಾರಿಗೂ ಧನ್ಯವಾದ, ಕಾಕಾರ ಮೊದಲ್ನೇ ಪೋಸ್ಟು ಗ್ರೂಪಿಗೆ ಹಾಕೇನಿ, ಈಗ ಅದರ ಮ್ಯಾಲೆ ಜಗಳ ನಡದೈತಿ 😄 ಸಿಸ್ಟರ್ ಅಕ್ಕಾರ, ಅವನ್ನ ಮರುದಿನ ಆಸ್ಪತ್ರೆಗೆ ಒಯ್ದಾರಂತ, ಈಗ ಅಡ್ಮಿಟ್ ಅದಾನ. ಮುದುಕಿ ಮಗಳ ಮನ್ಯಾಗ ಅದಾಳ. ಒಂದ ಕೊನೀ ಪ್ರಶ್ನೆ. ಬಂದೂಕ ಪೊಲೀಸ್ರ ಹತ್ರ ಐತಿ, ಕೋರ್ಟಿನಿಂದ ಬಿಡಸ್ಕೊಂಡು ಬರ್ತೀವಿ, ಇಲ್ಲಾಂದ್ರ ಹಂದಿ ಗೋವಿನಜೋಳ ಉಳಸಂಗಿಲ್ಲ ಅಂತ ಅವ್ನ ಮಗ ಅನ್ನಾಕತ್ತಾನ. ತಮ್ಮನ ಮನಿಯವ್ರು ಗಾಬರಿ ಆಗ್ಯಾರ.

---

ಕೋರ್ಟ್‌ಸರ್ಕಲ್_ವಕೀಲ:

ಬಂದೂಕು ಈಗ ಕೇಸಿನ ಮುದ್ದೆಮಾಲು (ಜಪ್ತಿ ಆದ ಸಾಕ್ಷ್ಯ), ಅದರ ನಿರ್ಧಾರ ಕೋರ್ಟಿಂದು. ಲೈಸನ್ಸ್ ಬೇರೆ ವಿಷಯ. 1959ರ ಆಯುಧ ಕಾಯ್ದೆ 17ನೇ ಕಲಂ ಪ್ರಕಾರ ಲೈಸನ್ಸ್ ಕೊಟ್ಟ ಅಧಿಕಾರಿ ಅದನ್ನ ಅಮಾನತ್ತು ಇಲ್ಲಾ ರದ್ದು ಮಾಡಬಹುದು, ಮಾನಸಿಕ ಸ್ಥಿತಿ ಸರಿ ಇಲ್ಲ ಅಂದ್ರೂ, ಸಾರ್ವಜನಿಕ ಸುರಕ್ಷತೆಗೆ ಬೇಕಂದ್ರೂ. ನಿಮ್ಮದು ಹಳ್ಳಿ ಇರೋದ್ರಿಂದ ಡಿಸಿ ಆಫೀಸು, ಹುಬ್ಬಳ್ಳಿ-ಧಾರವಾಡ ಸಿಟಿ ಒಳಗಿದ್ರ ಪೊಲೀಸ್ ಕಮಿಷನರ್. ತಮ್ಮನ ಮನಿಯವರು ಎಫ್ಐಆರ್ ಕಾಪಿ ಹಚ್ಚಿ ಡಿಸಿಗೆ ಅರ್ಜಿ ಕೊಡಲಿ, ಇನ್ನೊಂದು ಕಾಪಿ ಠಾಣೆಗೆ, ಎರಡಕ್ಕೂ ಸ್ವೀಕೃತಿ ಸಹಿ ತಗೊಳ್ಲಿ. ಮಗ ತನ್ನ ಹೆಸರಿಗೆ ಬೇಕಂದ್ರ ಹೊಸದಾಗಿ ಅರ್ಜಿ ಹಾಕಬೇಕು, ಅಪ್ಪನ ಲೈಸನ್ಸ್ ಮೇಲೆ ಹಿಡಿದ್ರ ಅವನ ಮೇಲೂ ಕೇಸ್ ಆಗ್ತದ.

---

ಪಿಂಚಣಿ_ಹವಾಲ್ದಾರ:

ಹಂದಿ ಲುಕ್ಸಾನಕ್ಕ ಅರಣ್ಯ ಇಲಾಖೆಯ ಇ-ಪರಿಹಾರ ಆನ್‌ಲೈನ್ ವ್ಯವಸ್ಥೆದಾಗ ಅರ್ಜಿ ಹಾಕಾಕ ಬರ್ತೈತಿ ಅಂತ ಆ ಹುಡುಗಗ ಹೇಳ್ರಿ. ಉತಾರ, ಆಧಾರ್, ಪಾಸ್‌ಬುಕ್ ಸಿದ್ಧ ಇಟ್ಕೊಳ್ಳಾಕ ಹೇಳ್ರಿ. ಫಾರೆಸ್ಟ್ ಗಾರ್ಡ್ ಬಂದು ನೋಡೋ ತನಕ ಹಂದಿ ಉತ್ತ ಜಾಗಾ ಸರಿ ಮಾಡಬ್ಯಾಡ್ರಿ, ಫೋಟೋ ತಗದು ಇಡ್ರಿ.